ಅಲಾರಂ ರಿಪೇರಿ ಆಯ್ತು ಅಂದರೆ ನಂಬಬೇಡಿ, ಬಾಗಿಲು ತೆಗೆದು ನೋಡಿ

ಕಡಿಮೆ ದುಡ್ಡಲ್ಲಿ ಕಳ್ಳರ ಅಲಾರಂ ರಿಪೇರಿ ಮಾಡಿಸೋಣ ಅಂತಿರುವವರು ಇದನ್ನು ಓದಿ.

ನಮ್ಮ ಹಿಂಬಾಗಿಲ ಅಲಾರಂ ರಾತ್ರಿ ಹೊತ್ತು ಸುಮ್‌ಸುಮ್ನೆ ಹೊಡೆದುಕೊಳ್ಳುತ್ತಿತ್ತು. ಗಾಳಿ ಬೀಸಿದರಂತೂ ನಿದ್ದೆ ಇಲ್ಲ. ಕಡಿಮೆ ರೇಟು ಹೇಳಿದ ಟೆಕ್ನಿಷಿಯನ್ ಬಂದ. ಬಾಗಿಲ ಹತ್ತಿರ ಹೋಗಲೇ ಇಲ್ಲ. ಅಲಾರಂನ ಮುಖ್ಯ ಡಬ್ಬಿ, ಅಂದರೆ ಪ್ಯಾನೆಲ್ ಬಿಚ್ಚಿ ಏನೋ ಮಾಡಿ, "ಲೂಸ್ ಕನೆಕ್ಷನ್ ಇತ್ತು, ಸರಿ ಮಾಡಿದೀನಿ" ಅಂದ. ಹೊಸ ಬ್ಯಾಟರಿ ಹಾಕಿದ್ದೇನೆ ಅಂತ ಬಿಲ್ಲಿಗೆ ಅದನ್ನೂ ಸೇರಿಸಿದ. ಆಮೇಲೆ ಸದ್ದಿಲ್ಲ, ಹಸಿರು ದೀಪ ಮಾತ್ರ ನೆಟ್ಟಗೆ ಉರಿಯುತ್ತಿತ್ತು.

ಒಂದು ದಿನ ಅಲಾರಂ ಆನ್ ಇರುವಾಗಲೇ ಮನೆಯವರು ಹಿಂಬಾಗಿಲು ತೆಗೆದರು. ಸೈರನ್ ಹೊಡೆಯಲೇ ಇಲ್ಲ!

ಪ್ಯಾನೆಲ್ ಬಿಚ್ಚಿ ನೋಡಿದೆ. ಆ ಬಾಗಿಲ ಸೆನ್ಸರ್‌ನ ಎರಡೂ ವೈರ್ ಕಿತ್ತು, ಟೇಪ್ ಸುತ್ತಿ, ಮೂಲೆಗೆ ತುರುಕಿದ್ದ. ವೈರ್ ಇರಬೇಕಾದ ಎರಡು ಸ್ಕ್ರೂಗಳ ನಡುವೆ ಬಣ್ಣದ ಪಟ್ಟಿಯ ಪುಟ್ಟ ರೆಸಿಸ್ಟರ್ (ಕರೆಂಟ್ ಹರಿವಿಗೆ ತಡೆ ಒಡ್ಡುವ ಬಿಡಿಭಾಗ) ಕೂರಿಸಿದ್ದ. ಅದು ಇರಬೇಕಾದ್ದು ಸೆನ್ಸರ್ ಇರುವ ತುದಿಯಲ್ಲಿ. ಪ್ಯಾನೆಲ್‌ಗೆ ಬಾಗಿಲು ಕಾಣಿಸಲ್ಲ, ಅಲ್ವಾ? ಅದು ಅಳೆಯುವುದು ಆ ತಡೆ, ಅಂದರೆ ರೆಸಿಸ್ಟೆನ್ಸ್ ಮಾತ್ರ. ಬಾಗಿಲು ತೆರೆದಾಗ ಸರ್ಕ್ಯೂಟ್ ಕಡಿಯುತ್ತೆ, ಆಗ ಸೈರನ್ ಹೊಡೆಯುತ್ತೆ. ಪ್ಯಾನೆಲ್‌ನಲ್ಲೇ ರೆಸಿಸ್ಟರ್ ಸಿಕ್ಕಿಸಿದರೆ, ಬಾಗಿಲನ್ನೇ ಕಿತ್ತೊಯ್ದರೂ ಅದರ ಲೆಕ್ಕದಲ್ಲಿ ಎಲ್ಲಾ ಸರಿ.

ನಿಜವಾದ ತೊಂದರೆ ಇಷ್ಟೇ: ಬಾಗಿಲು ಜಗ್ಗಿ, ಅದರ ಮೇಲಿನ ಅಯಸ್ಕಾಂತ ಸೆನ್ಸರ್‌ನ ಸ್ವಿಚ್‌ನಿಂದ ದೂರ ಸರಿದಿತ್ತು. ಸ್ಕ್ರೂ ಸಡಿಲಿಸಿ ಹತ್ತಿರ ತಂದೆ, ಮುಗೀತು.

'ಹೊಸ' ಬ್ಯಾಟರಿಯ ಕಥೆ ಇನ್ನೂ ಚೆಂದ. ಮಾಮೂಲಿ 12 ವೋಲ್ಟ್‌ನ ಲೆಡ್ ಆಸಿಡ್ ಬ್ಯಾಟರಿ. ಸ್ಟಿಕರ್ ಹೊಸದು, ಪಕ್ಕಗಳು ಮಾತ್ರ ಉಬ್ಬಿದ್ದವು. ಕರೆಂಟ್ ತೆಗೆದ ಸ್ವಲ್ಪ ಹೊತ್ತಿಗೇ ಪ್ಯಾನೆಲ್ ಸತ್ತಿತು. ಇವು ಸಾಮಾನ್ಯವಾಗಿ 3ರಿಂದ 5 ವರ್ಷ ಬರುತ್ತವೆ. ನೀವೇ ಬದಲಾಯಿಸಬಹುದು. ಮೊದಲು ಕರೆಂಟ್ ಆಫ್ ಮಾಡಿ, ಕೆಂಪು-ಕಪ್ಪು ವೈರ್ ಅದಲುಬದಲಾಗದಂತೆ ನೋಡಿಕೊಳ್ಳಿ. ಉಬ್ಬಿದ್ದನ್ನು ಕಸಕ್ಕೆ ಎಸೆಯಬೇಡಿ, ಬ್ಯಾಟರಿ ಅಂಗಡಿಗೆ ವಾಪಸ್ ಕೊಡಿ.

ಹಾಗಾಗಿ ರಿಪೇರಿಯವನು ಹೊರಡುವ ಮೊದಲೇ, ಅವನ ಎದುರಿಗೇ ಅಲಾರಂ ಆನ್ ಮಾಡಿ ಒಂದೊಂದೇ ಬಾಗಿಲು, ಕಿಟಕಿ ತೆಗೆಯಿರಿ. ಅಲಾರಂ ಹೊಡೆದರೆ ದೂರದಿಂದಲೇ ಗಮನಿಸುವ ಮಾನಿಟರಿಂಗ್ ಸೇವೆ ಇದ್ದರೆ ಅವರಿಗೆ ಮೊದಲೇ ಹೇಳಿಬಿಡಿ. ಕರೆಂಟ್ ತೆಗೆದು ಸೈರನ್ ಇನ್ನೊಮ್ಮೆ ಹೊಡೆಸಿ. ಕಿತ್ತ ಹಳೇ ಸಾಮಾನು ಕೇಳಿ ಇಸ್ಕೊಳ್ಳಿ.

ಇನ್‌ಸ್ಟಾಲರ್ ಕೋಡ್, ಅಂದರೆ ಪ್ಯಾನೆಲ್‌ನ ಒಳಗಿನ ಸೆಟ್ಟಿಂಗ್ ಬದಲಾಯಿಸಲು ಬೇಕಾದ ಕೋಡ್ ಬಗ್ಗೆಯೂ ಹುಷಾರು. ನಮ್ಮದನ್ನು ಅವನು ಬದಲಾಯಿಸಿ ಹೋಗಿದ್ದ. ಕೇಳಿದ್ದಕ್ಕೆ "ಅದು ಕಸ್ಟಮರ್‌ಗೆ ಕೊಡಲ್ಲ" ಅಂದ. ಕೆಲವು ಪ್ಯಾನೆಲ್‌ಗಳಲ್ಲಿ ಆ ಕೋಡ್ ಲಾಕ್ ಆದರೆ ರಿಸೆಟ್ ಕೂಡ ಆಗಲ್ಲ, ಬೋರ್ಡೇ ಬದಲಾಯಿಸಬೇಕು. ಕೋಡ್ ಬರೆದು ಕೊಡ್ತೀನಿ ಅಂತ ಒಪ್ಪಿದ ಮೇಲೇ ಡಬ್ಬಿ ಬಿಚ್ಚಲು ಬಿಡಿ.