ಕಲಬುರಗಿಯ ಮಕ್ಕಳ ಆಸ್ಪತ್ರೆಯೊಂದರ ಅರಿವಳಿಕೆ ವಿಭಾಗ: ಅವಧಿಪೂರ್ವ ಶಿಶುಗಳ ಪೋಷಕರಿಗಾಗಿ ಒಂದು ವಿಮರ್ಶೆ

ಅವಧಿಗೆ ಮುನ್ನ ಹುಟ್ಟಿದ ನನ್ನ ತಂಗಿಯ ಮಗನಿಗೆ ಹರ್ನಿಯಾ ಆಪರೇಷನ್ ಮಾಡಿಸಲು ಚಿತ್ತಾಪುರದಿಂದ ಕಲಬುರಗಿಯ ಖಾಸಗಿ ಮಕ್ಕಳ ಆಸ್ಪತ್ರೆಯೊಂದಕ್ಕೆ ಹೋಗಿದ್ದೆವು. ಅಲ್ಲಿನ ಅರಿವಳಿಕೆ (ಅನಸ್ತೇಸಿಯಾ) ವಿಭಾಗದ ಬಗ್ಗೆಯಷ್ಟೇ ಬರೆಯುತ್ತಿದ್ದೇನೆ. ನಮ್ಮ ಭಾಗದಲ್ಲಿ ಸರ್ಜನ್ ಯಾರೆಂದು ವಿಚಾರಿಸುವವರು ಅನಸ್ತೇಸಿಯಾ ಕೊಡುವವರು ಯಾರೆಂದು ಕೇಳುವುದೇ ಅಪರೂಪ.

ಮಂಪರಿನ ಔಷಧಿಗಳಿಂದ ಮಗುವಿನ ರೋಗನಿರೋಧಕ ಶಕ್ತಿ ಕುಗ್ಗೀತೆಂಬ ಆತಂಕ ತಂಗಿಗಿತ್ತು. ಅರಿವಳಿಕೆ ತಜ್ಞೆ ಅದನ್ನು ತಳ್ಳಿಹಾಕಲಿಲ್ಲ. ಸೋಂಕಿನ ವಿರುದ್ಧ ಹೋರಾಡುವ, ಐಜಿಜಿ ಎಂಬ ತಾಯಿಯ ಪ್ರತಿಕಾಯಗಳು ಮಗುವಿಗೆ ಸೇರುವುದು ಹೆಚ್ಚಾಗಿ ಗರ್ಭದ ಕೊನೆಯ ಮೂರು ತಿಂಗಳಲ್ಲಿ. ಆದ್ದರಿಂದ 37 ವಾರ ತುಂಬುವ ಮೊದಲೇ ಹುಟ್ಟಿದ ಶಿಶುವಿಗೆ ಆ ರಕ್ಷಣೆ ಕಡಿಮೆಯಿರುತ್ತದೆ, ರೋಗಾಣುಗಳನ್ನು ನುಂಗಬೇಕಾದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳೂ ಇನ್ನೂ ಬಲಿತಿರುವುದಿಲ್ಲ ಎಂದು ವಿವರಿಸಿದರು. ನೋವು ತಗ್ಗಿಸುವ ಮಾರ್ಫಿನ್, ಅರಿವಳಿಕೆಗೆ ಬಳಸುವ ಕೆಟಮಿನ್, ಉಸಿರಿನ ಮೂಲಕ ಕೊಡುವ ಅರಿವಳಿಕೆ ಸೆವೊಫ್ಲುರೇನ್‌ಗಳು ಬಿಳಿ ರಕ್ತಕಣಗಳ ಕೆಲಸವನ್ನು ತಗ್ಗಿಸುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ, ಆದರೆ ಆ ಅಧ್ಯಯನಗಳಲ್ಲಿ ಬಹುಪಾಲು ಜೀವಕೋಶಗಳು, ಪ್ರಾಣಿಗಳು ಹಾಗೂ ವಯಸ್ಕರ ಮೇಲೆ ನಡೆದವು. ನೋವನ್ನು ತಡೆಯದೆ ಬಿಟ್ಟರೆ ಏರುವ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಕೂಡ ನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ ಎಂಬುದನ್ನೂ ಮರೆಮಾಚದೆ ಹೇಳಿದರು. ಈ ಪ್ರಾಮಾಣಿಕತೆಯೇ ನಮಗೆ ಧೈರ್ಯ ಕೊಟ್ಟಿತು.

ಹೇಳಿದ್ದಕ್ಕೆ ತಕ್ಕಂತೆ ಅವರು ನಡೆದುಕೊಂಡರು. ಸೆವೊಫ್ಲುರೇನ್ ಜೊತೆಗೆ ಬೆನ್ನಿನ ಬುಡದಲ್ಲಿ, ಸೊಂಟದ ಕೆಳಭಾಗವನ್ನು ಮರಗಟ್ಟಿಸುವ ಕಾಡಲ್ ಇಂಜೆಕ್ಷನ್ ಕೊಟ್ಟು, ಮಾರ್ಫಿನ್ ಜಾತಿಯ ಔಷಧಿಯ ಅಗತ್ಯವೇ ಬೀಳದಂತೆ ನೋಡಿಕೊಂಡರು. ಹಾಲಿನಂತೆ ಬೆಳ್ಳಗಿದ್ದ ಪ್ರೊಪೊಫಾಲ್ ಎಂಬ ಮಂಪರಿನ ಔಷಧಿಯ ಸಿರಿಂಜಿನ ಮೇಲೆ ಅದನ್ನು ತುಂಬಿದ ಗಂಟೆ, ನಿಮಿಷ ಬರೆದ ಚೀಟಿ ಅಂಟಿಸಿತ್ತು. ಅದು ಕೊಬ್ಬು ಬೆರೆತ ದ್ರಾವಣವಾದ್ದರಿಂದ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ, ಹೊತ್ತು ಮೀರಿದರೆ ಚೆಲ್ಲಿಬಿಡುತ್ತೇವೆ ಎಂದು ನರ್ಸ್ ತಿಳಿಸಿದರು. ಹೊರಗೆ ಮೇ ತಿಂಗಳ ಬಿಸಿಲು ಸುಡುತ್ತಿದ್ದರೂ ಮಗುವಿನ ತಲೆಗೆ ಹತ್ತಿ ಸುತ್ತಿ, ಬೆಚ್ಚಗಿನ ಹಾಸಿಗೆಯಲ್ಲಿಯೇ ಒಳಗೆ ಕರೆದೊಯ್ದರು, ಮೈ ತಣ್ಣಗಾದರೆ ಸೋಂಕಿನ ಅಪಾಯ ಹೆಚ್ಚುತ್ತದೆಂಬುದು ಅದಕ್ಕೆ ಕಾರಣ. ಅರಿವಳಿಕೆಯ ನಂತರ ಇಂಥ ಶಿಶುಗಳಿಗೆ ಉಸಿರು ನಿಲ್ಲುವ ಭಯವಿರುವುದರಿಂದ ರಾತ್ರಿಯಿಡೀ ಮಾನಿಟರ್ ಹಾಕಿಟ್ಟರು. ಲಸಿಕೆಗೂ ಆಪರೇಷನ್ನಿಗೂ ನಡುವೆ ಒಂದೆರಡು ದಿನ ಅಂತರವಿಡಲು ಮೊದಲೇ ತಿಳಿಸಿದ್ದರು, ಇಲ್ಲದಿದ್ದರೆ ಜ್ವರ ಬಂದಾಗ ಅದು ಲಸಿಕೆಯದೋ ಸೋಂಕಿನದೋ ತಿಳಿಯುವುದಿಲ್ಲ.

ಎರಡು ಕೊರತೆಗಳನ್ನು ಹೇಳಲೇಬೇಕು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇದೆ. ಅದಕ್ಕಿಂತ ಗಂಭೀರವಾದದ್ದು, ಇಂಥ ಶಿಶುಗಳನ್ನೂ ಜ್ವರ, ಕೆಮ್ಮಿನ ಮಕ್ಕಳನ್ನೂ ಒಂದೇ ಹಾಲ್‌ನಲ್ಲಿ ಕಾಯಿಸುತ್ತಾರೆ. ಒಳಗೆ ಅಷ್ಟು ಎಚ್ಚರ ವಹಿಸುವವರು ಇದನ್ನು ಕೂಡಲೇ ಸರಿಪಡಿಸಬೇಕು. ಅಲ್ಲಿಯವರೆಗೆ, ಅಲ್ಲಿಗೆ ಹೋಗುವವರು ಓಪಿಡಿ ತುಂಬುವ ಮೊದಲು ಬೆಳಗಿನ ಮೊದಲ ಸಮಯವನ್ನೇ ಕೇಳಿ ಪಡೆಯಿರಿ.