ಇಬೋ ಯಾವ ಪಿಕಪ್ ಮೇಲೆ ಚೆನ್ನಾಗಿ ಹಾಡುತ್ತದೆ?

ಗಿಟಾರಿನಲ್ಲಿ ಆಲಾಪ ನುಡಿಸಲು ಹೊರಟವರ ತೊಂದರೆ ಒಂದೇ. ತಂತಿ ಮೀಟಿದ ಕೂಡಲೇ ಸ್ವರ ಇಳಿಯಲು ಶುರುವಾಗುತ್ತದೆ. ಧಾರವಾಡದಲ್ಲಿ ಹಿಂದೂಸ್ತಾನಿಯ ಕಿರಾಣಾ ಘರಾಣೆಯ ನಿಧಾನಗತಿಯ ವಿಲಂಬಿತ ಕೇಳಿ ಬೆಳೆದ ಕಿವಿಗೆ ಅದು ಸಾಲುವುದಿಲ್ಲ. ಹಾಗಾಗಿ ನಾನು ಇಬೋ ಹಿಡಿದೆ. ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆ, ಒಳಗೆ 9 ವೋಲ್ಟ್ ಬ್ಯಾಟರಿ. ಒಂದು ಕಾಯಿಲ್ ತಂತಿಯ ಕಂಪನ ಹಿಡಿಯುತ್ತದೆ. ಇನ್ನೊಂದು ಅದನ್ನೇ ಜೋರು ಮಾಡಿ ಕಾಂತದ ಬಲದಿಂದ ತಂತಿಗೆ ವಾಪಸ್ ಕೊಡುತ್ತದೆ. ಅಕ್ಕಪಕ್ಕದ ತಂತಿಗಳ ಮೇಲೆ ಇಬೋ ಕೂರುತ್ತದೆ, ನಡುವಿನ ತಂತಿ ಮುಟ್ಟದೆಯೇ ನುಡಿಯುತ್ತದೆ. ಗ್ರೆಗ್ ಹೀಟ್ ಎಂಬ ಅಮೆರಿಕದವರು 1969ರಲ್ಲಿ ಇದನ್ನು ಕಂಡುಹಿಡಿದರು. 1976ರಲ್ಲಿ ಮಾರಾಟಕ್ಕೆ ಬಂತು.

ಒಂದು ಸಂಗತಿ ಗೊತ್ತಿರಬೇಕು. ಇಬೋ ಹೊರಡಿಸುವ ಕಾಂತಕ್ಷೇತ್ರ ತಂತಿಗಷ್ಟೇ ಹೋಗಿ ನಿಲ್ಲುವುದಿಲ್ಲ, ಪಕ್ಕದಲ್ಲಿ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಇದ್ದರೆ ಅದಕ್ಕೂ ನೇರವಾಗಿ ನುಗ್ಗುತ್ತದೆ. ಪಿಕಪ್ ಬದಲಾದರೆ ಇಬೋ ಬೇರೆಯೇ ವಾದ್ಯ ಅನ್ನಿಸುವುದು ಇದಕ್ಕೇ. ನನ್ನ ಗಿಟಾರಿನಲ್ಲಿ ಮೂರು ಸಿಂಗಲ್ ಕಾಯಿಲ್, ಅಂದರೆ ಒಂದೊಂದೇ ಕಾಯಿಲ್ ಇರುವ ಪಿಕಪ್‌ಗಳಿವೆ. ಉಳಿದ ಗಿಟಾರ್‌ಗಳು ಹುಬ್ಬಳ್ಳಿ ವಿದ್ಯಾನಗರದ ಗೆಳೆಯರಿಂದ ಎರವಲು ತಂದವು.

ಸಿಂಗಲ್ ಕಾಯಿಲ್‌ನಲ್ಲಿ ಮಜಾ ಜಾಸ್ತಿ. ನೆಕ್ ಪಿಕಪ್ (ಗಿಟಾರಿನ ಕತ್ತಿನ ಕಡೆಯದು) ಆನ್ ಇಟ್ಟು, ಇಬೋವನ್ನು ದೂರದಿಂದ ಮೆಲ್ಲಗೆ ಅದರ ಮೇಲಕ್ಕೆ ಜಾರಿಸಿ. ಸ್ವರ ಇಷ್ಟಿಷ್ಟೇ ಉಬ್ಬುತ್ತಾ ಬರುತ್ತದೆ, ನೇರ ಮೇಲೆ ಬಂದಾಗ ಗಟ್ಟಿಯಾಗಿ, ಚೂಪಾಗಿ ಕೇಳುತ್ತದೆ. ವಾಲ್ಯೂಮ್ ಪೆಡಲ್ ಬೇಕಾಗಿಲ್ಲ, ಬಲಗೈಯೇ ಪೆಡಲ್. ಮನೆಗೆ ಬಂದಿದ್ದ ಸಿತಾರ್ ನುಡಿಸುವ ಕಾಕಾ ಒಬ್ಬರು ಸ್ವಲ್ಪ ಹೊತ್ತು ಕೇಳಿ, "ಮಿಜರಾಬ್ ಇಲ್ದ ಸ್ವರ ಎಲ್ಲಿಂದ ಸುರು ಆತೋ ತಮ್ಮಾ?" ಅಂದರು. ಮಿಜರಾಬ್ ಅಂದರೆ ಸಿತಾರ್ ಮೀಟಲು ಬೆರಳಿಗೆ ತೊಡುವ ತಂತಿಯ ಉಂಗುರ. ಮೆಚ್ಚಿದರೋ ಬೈದರೋ ತಿಳಿಯಲಿಲ್ಲ.

ಆದರೆ ಸಿಂಗಲ್ ಕಾಯಿಲ್ ಜೊತೆಗೆ ಗುಂಯ್ ಅನ್ನುವ ಸದ್ದೂ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅದರ ದುಪ್ಪಟ್ಟು 100. ಗಿಟಾರಿನ ಕೆಳಗಿನ ಜಿ ಸ್ವರ 98 ಹರ್ಟ್ಸ್. ಡಿ ಸ್ವರವನ್ನು ಷಡ್ಜ ಮಾಡಿಕೊಂಡರೆ ಈ ಗುಂಯ್ ಹೆಚ್ಚುಕಡಿಮೆ ಶುದ್ಧ ಮಧ್ಯಮ, ಅದೂ ಸ್ವಲ್ಪ ಏರಿದ್ದು. ತೀವ್ರ ಮಧ್ಯಮದ ಯಮನ್ ನುಡಿಸುವಾಗ ಹಿಂದೆ ಇಡೀ ಹೊತ್ತು ಶುದ್ಧ ಮಧ್ಯಮ ಗುನುಗುತ್ತಿದ್ದರೆ ಹೇಗಿರುತ್ತದೆ ಹೇಳಿ! ಸಣ್ಣ ಸದ್ದನ್ನು ಎತ್ತಿ ಕೊಡುವ ಕಂಪ್ರೆಸರ್ ಹಾಕಿದರಂತೂ ಇನ್ನೂ ಮೇಲೇಳುತ್ತದೆ. ನೆಕ್ ಮತ್ತು ನಡುವಿನ ಪಿಕಪ್ ಒಟ್ಟಿಗೆ ಇಟ್ಟರೆ, ನಡುವಿನದು ತಿರುವುಮುರುವು ಸುತ್ತಿದ್ದಾಗಿದ್ದರೆ, ಗುಂಯ್ ಸತ್ತುಹೋಗುತ್ತದೆ. ಆದರೆ ನಾದವೂ ಕೊಂಚ ತೆಳುವಾಗುತ್ತದೆ.

ಹಂಬಕರ್‌ನಲ್ಲಿ ಆ ಕಾಟವಿಲ್ಲ. ಈ ಪಿಕಪ್‌ನ ಎರಡು ಕಾಯಿಲ್‌ಗಳು ಒಂದರ ಗುಂಯ್ ಇನ್ನೊಂದು ನುಂಗುತ್ತವೆ. ಇಬೋ ಎರಡರ ನಡುವೆ ಬಂದಾಗ ಅದರ ನೇರ ಸದ್ದೂ ಒಂದಿಷ್ಟು ಹಾಗೆಯೇ ಕಡಿಮೆಯಾಗುತ್ತದೆ, ಒಂದೇ ಕಾಯಿಲ್ ಮೇಲೆ ನಿಂತರೆ ಜೋರಾಗುತ್ತದೆ. ಹಾಗಾಗಿ ಉಬ್ಬು ಸಿಂಗಲ್ ಕಾಯಿಲ್‌ನಷ್ಟು ನಯವಾಗಿ ಬರುವುದಿಲ್ಲ, ಅರ್ಧದಾರಿಯಲ್ಲಿ ತಗ್ಗಿ ಮತ್ತೆ ಏಳುತ್ತದೆ. ಕೈ ಒಂದೇ ಕಡೆ ಇಟ್ಟರೆ ಮಾತ್ರ ಸ್ವರ ದುಂಡಗೆ, ಬಾನ್ಸುರಿಯ ಕೆಳಸ್ವರದಂತೆ ನಿಲ್ಲುತ್ತದೆ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಎಳೆಯಲು ನನಗೆ ಇದೇ ಹಿಡಿಸಿತು. ಟೋನ್ ನಾಬ್ ಅರ್ಧಕ್ಕೆ ಇಳಿಸಿದರೆ ಇನ್ನೂ ಚಂದ.

ಬ್ಯಾಟರಿ ಇರುವ ಆಕ್ಟಿವ್ ಪಿಕಪ್ ನನಗೆ ಒಗ್ಗಲಿಲ್ಲ. ಇಬೋ ಹತ್ತಿರ ಹೋದರೆ ಒಳಗಿನ ಪ್ರಿಆಂಪ್ (ಸಂಕೇತ ಜೋರು ಮಾಡುವ ಸರ್ಕ್ಯೂಟ್) ಉಸಿರುಕಟ್ಟಿ ಒಡೆದ ಸದ್ದು ಮಾಡುತ್ತದೆ, ದೂರ ಇಟ್ಟರೆ ಇಬೋದ ವಿಶೇಷವೇ ಇಲ್ಲ. ಡಿಸ್ಟಾರ್ಶನ್ ಪ್ರಿಯರಿಗೆ ಇಷ್ಟವಾದೀತು. ಸಾಲದ್ದಕ್ಕೆ ನೋಡಿಕೊಳ್ಳಬೇಕಾದ 9 ವೋಲ್ಟ್ ಬ್ಯಾಟರಿ ಎರಡು.

ಪೀಜೋ ಪಿಕಪ್ ಇರುವ ಅಕೂಸ್ಟಿಕ್ ಗಿಟಾರಿನ ಕಥೆಯೇ ಬೇರೆ. ಪೀಜೋ ಕಾಂತ ನೋಡುವುದಿಲ್ಲ, ತಂತಿ ಕೂರುವ ಬ್ರಿಡ್ಜ್‌ನ ಅದುರನ್ನಷ್ಟೇ ಹಿಡಿಯುತ್ತದೆ. ಉಬ್ಬೂ ಇಲ್ಲ, ಚೂಪೂ ಇಲ್ಲ, ಬರೀ ತಂತಿಯ ಸದ್ದು. ಜೊತೆಗೆ ಇಬೋ ಕೂರಿಸುವಾಗಿನ ಟಕ್ ಸದ್ದು ಪೂರ್ತಿ ಕೇಳುತ್ತದೆ. ಕಂಚು ಸುತ್ತಿದ ದಪ್ಪ ತಂತಿಗಳು ಎಚ್ಚರಗೊಳ್ಳಲು ತಡಮಾಡುತ್ತವೆ, ಸಾದಾ ಉಕ್ಕಿನ ಮೇಲಿನ ಎರಡು ತಂತಿ ಪರವಾಗಿಲ್ಲ. ನೈಲಾನ್ ತಂತಿಯ ಗಿಟಾರ್ ಇದ್ದವರು ಇಬೋ ಕೊಳ್ಳುವುದೇ ಬೇಡ, ಅದು ಅಲುಗಾಡುವುದಿಲ್ಲ.

ಯಾವ ಗಿಟಾರೇ ಆಗಲಿ, ಇಬೋವನ್ನು ಬ್ರಿಡ್ಜ್ ಪಕ್ಕ ಒಯ್ಯಬೇಡಿ. ಅಲ್ಲಿ ತಂತಿ ಬಿಗಿ, ಆಡುವ ಜಾಗ ಕಡಿಮೆ, ಎಳೆಯುವ ಶಕ್ತಿ ಸಾಲುವುದಿಲ್ಲ. ಇಬೋವನ್ನು ನೆಕ್ ಕಡೆಯೇ ಇಟ್ಟು ಸ್ವಿಚ್ ಮಾತ್ರ ಬ್ರಿಡ್ಜ್ ಪಿಕಪ್‌ಗೆ ತಿರುಗಿಸಿ ನೋಡಿ. ನೇರ ಸದ್ದು ದೂರವಾಗುತ್ತದೆ, ಸ್ವರ ತೆಳ್ಳಗೆ ಸ್ವಚ್ಛವಾಗುತ್ತದೆ. ಇದಕ್ಕೆ ಹೊಸ ಗಿಟಾರ್ ಬೇಕಿಲ್ಲ. ನನ್ನ ಸಿಂಗಲ್ ಕಾಯಿಲ್ ಗಿಟಾರ್ ಈಗ ಹೆಚ್ಚಾಗಿ ಇದೇ ಸೆಟ್ಟಿಂಗ್‌ನಲ್ಲಿರುತ್ತದೆ. ಯಮನ್ ಇದ್ದ ದಿನ ಮಾತ್ರ ಗೆಳೆಯನ ಹಂಬಕರ್ ಗಿಟಾರ್ ಎರವಲು ಕೇಳುತ್ತೇನೆ.