ಎಪ್‌ವರ್ತ್‌ನ ಹಳೆಯ ರೆಕ್ಟರಿ: ಬೆಂಕಿಯ ನಂತರ ಕಟ್ಟಿದ ಮನೆ

ಇಂಗ್ಲೆಂಡಿನ ಉತ್ತರ ಲಿಂಕನ್‌ಶೈರ್‌ನ ಎಪ್‌ವರ್ತ್‌ ಎಂಬ ಸಣ್ಣ ಊರಿನಲ್ಲಿ, ಮೆಥಡಿಸ್ಟ್‌ ಎಂಬ ಕ್ರೈಸ್ತ ಪಂಥದ ಮೂಲಪುರುಷ ಜಾನ್‌ ವೆಸ್ಲಿ ಮತ್ತು ಅವರ ತಮ್ಮ, ಸ್ತೋತ್ರಕವಿ ಚಾರ್ಲ್ಸ್‌ ವೆಸ್ಲಿ ಬೆಳೆದ ಪಾದ್ರಿಮನೆ (ರೆಕ್ಟರಿ) ಈಗ ವಸ್ತುಸಂಗ್ರಹಾಲಯವಾಗಿದೆ. ಬ್ರಿಟನ್ನಿನ ಪಾರಂಪರಿಕ ಕಟ್ಟಡಗಳಲ್ಲಿ ಇದಕ್ಕೆ ಅತ್ಯುನ್ನತವಾದ ಗ್ರೇಡ್‌ 1 ಸ್ಥಾನವಿದೆ. ಮೈಸೂರಿನ ವೆಸ್ಲಿ ಮಿಷನ್ನಿನ ಶಾಲೆಗಳನ್ನೂ ಅಚ್ಚುಕೂಟವನ್ನೂ ಬಲ್ಲ ಕನ್ನಡಿಗರಿಗೆ ಆ ಹೆಸರಿನ ಮೂಲವನ್ನು ಇಲ್ಲಿ ಕಾಣಬಹುದು.

ಮೊದಲಿದ್ದ ಮನೆ ಮರದ ಚೌಕಟ್ಟು, ಗಾರೆಗೋಡೆ ಮತ್ತು ಹುಲ್ಲಿನ ಸೂರಿನದು ಎಂದು 1607ರ ದಾಖಲೆಯೊಂದು ಹೇಳುತ್ತದೆ. 1709ರ ಫೆಬ್ರವರಿ 9ರ ರಾತ್ರಿ ಅದು ಸುಟ್ಟುಹೋಯಿತು. ಮಹಡಿಯಲ್ಲೇ ಉಳಿದುಬಿಟ್ಟಿದ್ದ ಐದು ವರ್ಷದ ಜಾನ್‌ನನ್ನು, ಏಣಿ ತರಲು ಸಮಯವಿಲ್ಲದೆ, ಒಬ್ಬರ ಹೆಗಲೇರಿ ನಿಂತ ಇನ್ನೊಬ್ಬರು ಕಿಟಕಿಯಿಂದ ಇಳಿಸಿಕೊಂಡರು. 1705ರಲ್ಲಿ ಸಾಲಕ್ಕಾಗಿ ಲಿಂಕನ್‌ ಕೋಟೆಯ ಸೆರೆಮನೆ ಕಂಡಿದ್ದ ತಂದೆ ಸ್ಯಾಮ್ಯುಯೆಲ್‌ ವೆಸ್ಲಿ, ಬೆಂಕಿ ಬಿದ್ದ ವರ್ಷವೇ ಸುಮಾರು 400 ಪೌಂಡ್‌ ಖರ್ಚಿನಲ್ಲಿ ಹೊಸ ಮನೆಯನ್ನು ಇಟ್ಟಿಗೆಯಿಂದಲೇ ಕಟ್ಟಿಸಿದರು. ಆದ್ದರಿಂದ ಇದರ ಗೋಡೆಗಳನ್ನು ರಾಣಿ ಆ್ಯನ್‌ ಕಾಲದ ಶೈಲಿಯ ಮಾದರಿಯೆಂದು ಮಾತ್ರ ನೋಡಿದರೆ ಸಾಲದು. ಆ ಬೆಂಕಿಯ ನೆನಪು ಅವುಗಳಲ್ಲಿ ಸೇರಿದೆ.

ನನ್ನ ದೃಷ್ಟಿಯಲ್ಲಿ ಈ ಮನೆಯ ಹೃದಯ ಅಡುಗೆಮನೆ. ಹತ್ತೊಂಬತ್ತು ಮಕ್ಕಳನ್ನು ಹೆತ್ತು, ಬದುಕುಳಿದವರಿಗೆಲ್ಲ ಮನೆಯಲ್ಲೇ ಕ್ರಮಬದ್ಧವಾಗಿ ಓದು ಕಲಿಸಿದ ತಾಯಿ ಸುಸಾನಾ ವೆಸ್ಲಿ, 1711–12ರ ಚಳಿಗಾಲದಲ್ಲಿ ಪತಿ ಲಂಡನ್ನಿನಲ್ಲಿದ್ದಾಗ ಭಾನುವಾರ ಸಂಜೆ ಮನೆಯವರಿಗೆ ಪ್ರವಚನಗಳನ್ನು ಓದಿ ಹೇಳುತ್ತಿದ್ದರು. ಕೇಳಲು ನೆರೆಹೊರೆಯವರು ಬರತೊಡಗಿ, ಕೊನೆಗೆ ಸುಮಾರು ಇನ್ನೂರು ಮಂದಿ ಸೇರಿದರು. ಪತಿಯ ಆಕ್ಷೇಪಣೆಗೆ ಆಕೆ ಬರೆದ ಉತ್ತರ ದಿಟ್ಟವಾದುದು. ಮೇಲಂತಸ್ತಿನ ಅಟ್ಟಕ್ಕೆ 1716–17ರಲ್ಲಿ ಮನೆಯವರನ್ನು ಕಾಡಿದ ‘ಓಲ್ಡ್‌ ಜೆಫ್ರಿ’ ಎಂಬ ದೆವ್ವದ ಕಥೆ ಅಂಟಿಕೊಂಡಿದೆ. ಪ್ರವಾಸಿಗರಿಗೆ ಅದರ ಸೆಳೆತ ಹೆಚ್ಚಿರಬಹುದು, ಆದರೆ ಮೆಥಡಿಸ್ಟ್‌ ಪಂಥದ ಶಿಸ್ತು ಮೊಳೆತದ್ದು ಕೆಳಗಿನ ಕೋಣೆಗಳಲ್ಲಿ.

1954ರವರೆಗೆ ಇಲ್ಲಿ ಪಾದ್ರಿಗಳೇ ವಾಸವಾಗಿದ್ದರು. ಆಮೇಲೆ ವಿಶ್ವ ಮೆಥಡಿಸ್ಟ್‌ ಮಂಡಳಿಯು ಮನೆಯನ್ನು ಕೊಂಡು, ಜೀರ್ಣೋದ್ಧಾರ ಮಾಡಿಸಿ, 1957ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇಲ್ಲಿಗೆ ಹೋದವರು ಸಂತ ಆಂಡ್ರ್ಯೂ ಚರ್ಚಿನ ಅಂಗಳವನ್ನೂ ನೋಡಿಯೇ ಹೊರಡಬೇಕು: 1742ರಲ್ಲಿ ಚರ್ಚಿನೊಳಗೆ ಉಪದೇಶಕ್ಕೆ ಅವಕಾಶ ಸಿಗದಿದ್ದಾಗ ಜಾನ್‌ ವೆಸ್ಲಿ ಜನರನ್ನು ಉದ್ದೇಶಿಸಿ ಮಾತನಾಡಿದ್ದು, ಅಲ್ಲಿರುವ ತಮ್ಮ ತಂದೆಯ ಸಮಾಧಿಯ ಮೇಲೆ ನಿಂತು.